ಮೋರಿಸ್ ಬೋಲ್ಟು, ಗುಬ್ಬಿ ಬುಶ್ಶು

ಬೋಲ್ಟಿನ ತಲೆಗೆ ಇಂಗ್ಲಿಷ್ ಅಳತೆಯ ಪಾನಾ ಹದವಾಗಿ ಕೂತಿತು. ತಲೆ ಇಂಗ್ಲೆಂಡಿನದಾದರೆ ಥ್ರೆಡ್ಡೂ ಅಲ್ಲಿನದೇ ಇರಬೇಕಲ್ಲ ಎಂದು ಬಿಎಸ್‌ಎಫ್ (ಬ್ರಿಟಿಷ್ ಸ್ಟ್ಯಾಂಡರ್ಡ್ ಫೈನ್) ನಟ್ಟು ತೊಡಿಸಿದರೆ ಅದು ಹತ್ತಲೇ ಇಲ್ಲ. ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ 8 ಮಿಲಿಮೀಟರಿನ ನಟ್ಟು ಒಂದೆರಡು ಸುತ್ತು ಸಲೀಸಾಗಿ ಹೋಗಿ, ಆಮೇಲೆ ಕಚ್ಚಿಕೊಂಡು ನಿಂತುಬಿಟ್ಟಿತು. ತುಮಕೂರಿನ ಅಂತರಸನಹಳ್ಳಿ ಕಡೆಯ ಒಂದು ಲೇತ್ ಅಂಗಡಿ. ಟರ್ನರ್ ನಮ್ಮನ್ನು ಸ್ವಲ್ಪ ಹೊತ್ತು ಒದ್ದಾಡಲು ಬಿಟ್ಟು, ಕೈ ಒರೆಸಿಕೊಂಡು ಬಂದು, ಥ್ರೆಡ್ ಗೇಜಿನ ಎಲೆಗಳನ್ನು ಒಂದೊಂದಾಗಿ ಬಿಡಿಸಿ ಬೋಲ್ಟಿಗೆ ಒತ್ತಿ ಬೆಳಕಿಗೆ ಹಿಡಿದ. ಮೂರನೆಯದೋ ನಾಲ್ಕನೆಯದೋ ಎಲೆ ಹಲ್ಲಿಗೆ ಹಲ್ಲು ಕೂತು, ನಡುವೆ ಬೆಳಕೇ ಕಾಣಲಿಲ್ಲ.

"ಹಲ್ಲಿಂದ ಹಲ್ಲಿಗೆ ಒಂದೂಕಾಲಲ್ಲ ಸಾರ್, ಒಂದು ಮಿಲಿಮೀಟರು. ಫೈನ್ ಥ್ರೆಡ್ಡು. ತಲೆ ಒಂದ್ ದೇಶದ್ದು, ಮೈ ಇನ್ನೊಂದ್ ದೇಶದ್ದು ಇದ್ದಂಗೈತೆ."

ಅವನು ಅಂದಾಜಿಗೆ ಆಡಿದ ಮಾತು ಅಕ್ಷರಶಃ ನಿಜ. ಮೊದಲ ಮಹಾಯುದ್ಧದ ಹೊತ್ತಿಗೆ ಫ್ರಾನ್ಸಿನ ಹಾಚ್ಕಿಸ್ ಎಂಬ ಬಂದೂಕು ಕಂಪನಿ ಇಂಗ್ಲೆಂಡಿನ ಕೊವೆಂಟ್ರಿಗೆ ಬಂದು ಮಷಿನ್‌ಗನ್ ಮಾಡತೊಡಗಿತು. ಯುದ್ಧ ಮುಗಿದ ಮೇಲೆ ಗನ್ನಿಗೆ ಗಿರಾಕಿ ಇಲ್ಲ. ಅದೇ ಯಂತ್ರಗಳಲ್ಲಿ ವಿಲಿಯಂ ಮೋರಿಸನ ಕಾರುಗಳಿಗೆ ಇಂಜಿನ್ ತಯಾರಾಗತೊಡಗಿದವು. 1923ರಲ್ಲಿ ಮೋರಿಸ್ ಆ ಕಾರ್ಖಾನೆಯನ್ನೇ ಕೊಂಡುಕೊಂಡ. ಯಂತ್ರಗಳೆಲ್ಲ ಫ್ರೆಂಚ್ ಅಳತೆಯವು, ಮಿಲಿಮೀಟರಿನಲ್ಲೇ ಥ್ರೆಡ್ ಕೊರೆಯುವಂಥವು. ಅವನ್ನು ಬದಲಾಯಿಸಲು ದುಡ್ಡು ಸುರಿಯಬೇಕು. ಇತ್ತ ಇಂಗ್ಲೆಂಡಿನ ಯಾವ ಮೆಕ್ಯಾನಿಕ್ಕಿನ ಪೆಟ್ಟಿಗೆಯಲ್ಲೂ ಮಿಲಿಮೀಟರ್ ಪಾನಾ ಇಲ್ಲ. ಎರಡಕ್ಕೂ ರಾಜಿ ಮಾಡಿ, ಥ್ರೆಡ್ಡನ್ನು ಫ್ರೆಂಚಾಗಿಯೇ ಬಿಟ್ಟು ತಲೆಯನ್ನು ಮಾತ್ರ ಇಂಗ್ಲೆಂಡಿನ ವಿಟ್‌ವರ್ತ್ ಅಳತೆಗೆ ಮಾಡಿದರು. ಈ ರಾಜಿ ಮೂರು ದಶಕ ನಡೆಯಿತು. ನಮ್ಮ ಮುಂದಿದ್ದ ಮೋರಿಸ್ ಟೆನ್ ಸೀರೀಸ್ ಎಂ ಕಾರಿನ 1140 ಸಿಸಿ ಇಂಜಿನ್ನು ಅದರ ಕೊನೆಗಾಲದ ಕೂಸು.

ಕಾರು ನನ್ನದಲ್ಲ. ತುಮಕೂರಿನಲ್ಲಿ ವಕೀಲಿಕೆ ಮಾಡುವ ನನ್ನ ಗೆಳೆಯನದು. ಗುಬ್ಬಿಯ ಅಡಿಕೆ ವ್ಯಾಪಾರಿಯೊಬ್ಬರ ಮನೆಯ ಕೊಟ್ಟಿಗೆಯಲ್ಲಿ ಕೊಬ್ಬರಿ ಚೀಲಗಳ ಹಿಂದೆ ಬಹಳ ವರ್ಷ ಬಿದ್ದಿದ್ದುದನ್ನು ಅವನು ಕೊಂಡು ತಂದಿದ್ದಾನೆ. 1938ರಲ್ಲಿ ಬಂದ ಈ ಮಾದರಿ ಯುದ್ಧ ಮುಗಿದ ಮೇಲೂ 1948ರವರೆಗೆ ತಯಾರಾಯಿತು, ಈ ಕಾರು 1947ರದು. ನಮ್ಮ ಹಿಂದೂಸ್ತಾನ್ ಮೋಟರ್ಸ್‌ನ ಹಿಂದೂಸ್ತಾನ್ 10 ಇದರದೇ ಪಡಿಯಚ್ಚು. ಬೇರೆ ಚಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಅದಕ್ಕೇ ಇದರಲ್ಲಿ ತುಕ್ಕು ಎಂದರೆ ಬಣ್ಣದ ಪ್ರಶ್ನೆಯಾಗಿ ಉಳಿಯುವುದಿಲ್ಲ, ಕಾರು ನಿಲ್ಲುತ್ತದೋ ಮಡಚಿಕೊಳ್ಳುತ್ತದೋ ಎಂಬ ಪ್ರಶ್ನೆಯಾಗುತ್ತದೆ.

ಹಳೆ ಕಾರಿನ ಬಿಡಿಭಾಗ ಗುರುತಿಸುವವರು ಮೊದಲು ಪುಸ್ತಕ ತೆಗೆಯುವುದಿಲ್ಲ, ಪಾನಾ ತೆಗೆಯುತ್ತಾರೆ. ಜೋಸೆಫ್ ವಿಟ್‌ವರ್ತ್ 1841ರಲ್ಲಿ ಬೋಲ್ಟುಗಳಿಗೊಂದು ಅಳತೆ ಹಾಕಿಕೊಟ್ಟ. ಅವನ ಥ್ರೆಡ್ಡಿನ ಕೋನ 55 ಡಿಗ್ರಿ. ಅಮೆರಿಕದ್ದೂ ಮಿಲಿಮೀಟರಿನದೂ 60 ಡಿಗ್ರಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ನಟ್ಟು ಬ್ರಿಟನ್ನಿನ ಬೋಲ್ಟಿಗೆ ಹತ್ತದೆ ಪಟ್ಟ ಪಾಡು ಸಾಕಾಗಿ, 1948ರ ಹೊತ್ತಿಗೆ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಕೂತು ಯೂನಿಫೈಡ್ ಥ್ರೆಡ್ ಒಪ್ಪಿಕೊಂಡವು. ಅಂಬಾಸಡರ್ ಹುಟ್ಟಿದ್ದು ಅದಾದ ಮೇಲಿನ ಮೋರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನಿಂದ. ಹಾಗಾಗಿ ಅದರ ಬೋಲ್ಟು, ತಲೆಯ ಎದುರುಬದಿರು ಬದಿಗಳ ಅಂತರವನ್ನು ಇಂಚಿನಲ್ಲಿ ಅಳೆದ ಎಎಫ್ ಪಾನಾಕ್ಕೆ ಬಗ್ಗುತ್ತದೆ. ಫಿಯೆಟ್ ಇಟಲಿಯದು, ಪೂರ್ತಿ ಮಿಲಿಮೀಟರು. ಒಂದು ಕಾಲದ ಗ್ಯಾರೇಜಿನ ಗೋಡೆಯಲ್ಲಿ ಮೂರು ಸಾಲು ಪಾನಾ ನೇತುಹಾಕಿರುತ್ತಿದ್ದರು. ಈಗಿನ ಹುಡುಗರ ಪೆಟ್ಟಿಗೆಯಲ್ಲಿ ಒಂದೇ ಸಾಲು. ಮಿಲಿಮೀಟರಿನ ಪಾನಾ ವಿಟ್‌ವರ್ತ್ ತಲೆಯ ಮೇಲೆ ಸ್ವಲ್ಪ ಸಡಿಲ ಕೂರುತ್ತದೆ, ಜೋರಾಗಿ ಎಳೆದರೆ ಮೂಲೆ ಸವೆದು ತಲೆ ಗುಂಡಗಾಗುತ್ತದೆ. ಆಮೇಲೆ ಉಳಿ, ಸುತ್ತಿಗೆ, ಗ್ಯಾಸ್ ಕಟ್ಟರ್. ಎಷ್ಟೋ ಹಳೆ ಇಂಜಿನ್‌ಗಳು ಹಾಳಾದದ್ದು ಓಡಿ ಓಡಿ ಅಲ್ಲ, ಬಿಚ್ಚುವಾಗ.

ಟರ್ನರಿನ ಲೇತು ಹಳೆಯದು, ಇಂಚಿನ ಲೀಡ್ ಸ್ಕ್ರೂ. ಅದರಲ್ಲಿ ಮಿಲಿಮೀಟರಿನ ಥ್ರೆಡ್ ಹೇಗೆ ಕೊರೆಯುತ್ತೀಯ ಎಂದು ಕೇಳಿದೆ. ಗೋಡೆಯ ಮೊಳೆಗೆ ನೇತುಹಾಕಿದ್ದ ಗೇರುಗಳ ಗೊಂಚಲಿನಿಂದ ಎಲ್ಲಕ್ಕಿಂತ ದೊಡ್ಡದನ್ನು ಇಳಿಸಿ ಕೊಟ್ಟ. ಅದರ ಮೇಲೆ 127 ಎಂದು ಕೊರೆದಿತ್ತು. ಒಂದು ಇಂಚಿಗೆ 25.4 ಮಿಲಿಮೀಟರು, ಐದು ಇಂಚಿಗೆ 127. ಪೂರ್ಣಸಂಖ್ಯೆಯಲ್ಲಿ ಇಂಚು ಮತ್ತು ಮಿಲಿಮೀಟರು ಸಂಧಿಸುವುದು ಅಲ್ಲಿ. ಅದಕ್ಕೇ ಗೇರಿಗೆ ಅಷ್ಟೇ ಹಲ್ಲು. ಅದನ್ನು ಲೇತಿಗೆ ಜೋಡಿಸಿ, ಗುಬ್ಬಿಯಿಂದ ಬಂದ ಬೋಲ್ಟಿನ ಪಕ್ಕದಲ್ಲೇ ಹೊಸ ಉಕ್ಕಿನ ಸರಳು ಕಟ್ಟಿದ. ಉಪಕರಣ ಮೊದಲ ಸಲ ಹಾದಾಗ ಸರಳಿನ ಮೇಲೆ ಕೂದಲೆಳೆಯಂಥ ಗೀರು ಮಾತ್ರ. ಎರಡನೇ, ಮೂರನೇ ಸಲಕ್ಕೆ ಗೀರು ಕಣಿವೆಯಾಗಿ, ಉಕ್ಕಿನ ಸಿಂಬೆ ನೀಲಿಗಟ್ಟಿ ಉದುರತೊಡಗಿತು. ಪ್ರತಿ ಸಲವೂ ನಟ್ಟು ತೊಡಿಸಿ ನೋಡುತ್ತಿದ್ದ, ಗೇಜನ್ನು ಮತ್ತೆ ಕೈಗೆತ್ತಿಕೊಳ್ಳಲಿಲ್ಲ.

ತುಮಕೂರಿಗೆ ಇಂಥ ಕೈಗಳೇನೂ ಹೊಸವಲ್ಲ. 1978ರಲ್ಲಿ ಇಲ್ಲಿ ಎಚ್‌ಎಂಟಿಯ ಗಡಿಯಾರದ ಕಾರ್ಖಾನೆ ಬಂತು. ಕೂದಲಿಗಿಂತ ಸಣ್ಣ ಅಳತೆಯಲ್ಲಿ ಕೆಲಸ ಮಾಡಿದ ಒಂದು ತಲೆಮಾರು ಅಲ್ಲಿ ತಯಾರಾಯಿತು. 2016ರಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು, ಜಾಗ ಇಸ್ರೋ ಪಾಲಾಯಿತು. ಆ ಗಡಿಯಾರದ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಈ ಮೋರಿಸ್ಸಿನ ಸ್ಪೀಡೋಮೀಟರನ್ನು ಮನೆಯ ಊಟದ ಮೇಜಿನ ಮೇಲೆ ಬಿಚ್ಚಿಟ್ಟುಕೊಂಡಿದ್ದರು. ಡಯಲಿನ ಕೆಳಗೆ ಇರುವೆ ಗಾತ್ರದ ಅಂಕಿಗಳಿದ್ದವು. ಸ್ಮಿತ್ಸ್ ಕಂಪನಿಯ ಮೀಟರುಗಳಲ್ಲಿ ಹೀಗೆ ಬರೆದ ಅಂಕಿಯೊಂದು ಮೈಲಿಗೆ ಕೇಬಲ್ ಎಷ್ಟು ಸುತ್ತು ತಿರುಗಬೇಕು ಎಂದು ಹೇಳುತ್ತದೆ. ಗಾಡಿಯ ಗೇರ್‌ಬಾಕ್ಸಿಗೂ ಆ ಅಂಕಿಗೂ ತಾಳೆಯಾಗದಿದ್ದರೆ ಮೀಟರು ಬೇರೆ ಕಾರಿನದು ಎಂದೇ ಅರ್ಥ. "ಮುಳ್ಳು ನೋಡೋರು ಎಲ್ರೂ, ಡಯಲ್ಲಿನ ಬುಡ ನೋಡೋರು ಯಾರೂ ಇಲ್ಲ ಕಣ್ರೀ" ಎಂದರು. ಮೈಲಿಯ ಡಯಲ್ ಇದ್ದದ್ದೂ ಒಂದು ಸಾಕ್ಷಿಯೇ. ನಮ್ಮಲ್ಲಿ ಕಿಲೋಮೀಟರು ಬಂದದ್ದು 1956ರ ಅಳತೆ ಮತ್ತು ತೂಕದ ಕಾಯ್ದೆಯ ನಂತರ.

ಗೆಳೆಯನಿಗೆ ಇನ್ನೂ ಬೋಲ್ಟು ಬೇಕಿತ್ತು, ಡೈನಮೊ ಬೇಕಿತ್ತು. ಗುಬ್ಬಿ ಗೇಟು ದಾಟಿ ಬಿ.ಎಚ್. ರಸ್ತೆ ಹಿಡಿದೆವು. ಬೆಂಗಳೂರು–ಹೊನ್ನಾವರ ರಸ್ತೆ ಎಂಬುದನ್ನು ಜನ ಎಂದೋ ಎರಡು ಅಕ್ಷರಕ್ಕೆ ಇಳಿಸಿಬಿಟ್ಟಿದ್ದಾರೆ. ಗುಬ್ಬಿಗೆ ಇಪ್ಪತ್ತೇ ಕಿಲೋಮೀಟರು, ಎರಡೂ ಬದಿ ತೆಂಗು, ಅಡಿಕೆ. ಇದೇ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಹಾರುವ ಯಂತ್ರದಲ್ಲಿ ಒಂದು ಬೋಲ್ಟಿಗೂ ಹುಟ್ಟಿದ ಊರು, ತಾರೀಕು, ಪರೀಕ್ಷೆ ಮಾಡಿದವರ ಸಹಿ ಇರುವ ಕಾಗದ ಬೇಕು. ಅದೇ ತಾಲ್ಲೂಕಿನಲ್ಲಿ ನಾವು ಕಾಗದವಿಲ್ಲದ ಬೋಲ್ಟು ಹುಡುಕುತ್ತ ಹೊರಟಿದ್ದೆವು.

ಅಡಿಕೆ ವ್ಯಾಪಾರಿಯ ಮನೆಯಲ್ಲಿ ಈಗಿರುವುದು ಅವರ ಸೊಸೆ, ಎಪ್ಪತ್ತು ದಾಟಿದ ಅಮ್ಮ. ಬಂದ ವಿಷಯ ಹೇಳುತ್ತಿದ್ದಂತೆ ಒಳಗೆ ಹೋಗಿ ಹಳೆಯ ಡಾಲ್ಡಾ ಡಬ್ಬ ತಂದು ಜಗುಲಿಯ ಮೇಲೆ ಸುರಿದರು.

"ನಮ್ಮ ಮಾವನೋರು ಬಿಚ್ಚಿದ್ದು ಯಾವ್ದನ್ನೂ ಬಿಸಾಕ್ತಿರ್ಲಿಲ್ಲ. ನಾನೇ ಬೈಕೋತಿದ್ದೆ, ಈ ಕಬ್ಬಿಣ ಕಟ್ಕೊಂಡು ಏನ್ ಮಾಡ್ತೀರಿ ಅಂತ. ನೋಡ್ಕಳಪ್ಪ, ನಿಂಗೆ ಬೇಕಾದ್ದು ತಗೋ."

ಡಬ್ಬದಲ್ಲಿ ಮೋರಿಸ್ ಬೋಲ್ಟುಗಳಿದ್ದವು. ಅಂಬಾಸಡರಿನವೂ ಇದ್ದವು. ಯಾವುದೋ ಪಂಪ್‌ಸೆಟ್ಟಿನದೂ ಒಂದಿತ್ತು. ಗೆಳೆಯ ಪಾನಾ ಹಿಡಿದು ಬೇರ್ಪಡಿಸಲು ಕೂತ. ನನ್ನ ಕಣ್ಣು ಬಿದ್ದದ್ದು ಒಂದು ಜೊತೆ ಗನ್ ಮೆಟಲ್ ಬುಶ್ಶುಗಳ ಮೇಲೆ. ಮುಂದಿನ ಚಕ್ರದ ಕಿಂಗ್ ಪಿನ್ನಿಗೆ ಹಾಕುವಂಥವು. ಒಂದು ಪೂರ್ತಿ ಸವೆದು ಮೊಟ್ಟೆಯಾಕಾರಕ್ಕೆ ತಿರುಗಿತ್ತು, ಇನ್ನೊಂದಕ್ಕೆ ಕೆಲಸವೇ ಆಗಿರಲಿಲ್ಲ. ಕಾರ್ಖಾನೆಯ ಬುಶ್ಶಿನ ಒಳಗೆ ಗ್ರೀಸು ಹರಿಯಲೆಂದು ಯಂತ್ರ ಕೊರೆದ ಸಮನಾದ ಕಾಲುವೆ ಇರುತ್ತದೆ. ಇದರಲ್ಲಿದ್ದದ್ದು ಉಳಿಯಿಂದ ಕೈಯಲ್ಲಿ ಕೊರೆದದ್ದು, ನಡುವೆ ತುಸು ವಾಲಿ ಮತ್ತೆ ದಾರಿಗೆ ಬಂದಿತ್ತು. ಗುಬ್ಬಿಯದೋ ತುಮಕೂರಿನದೋ ಯಾವ ಟರ್ನರ್ ಮಾಡಿದ್ದೋ ತಿಳಿಯಲು ಈಗ ದಾರಿಯಿಲ್ಲ. ಆದರೆ ಕಾರು ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಓಡುತ್ತಿದ್ದ ವರ್ಷಗಳಲ್ಲಿ ಅದರ ಸ್ಟಿಯರಿಂಗು ತಿರುಗಿದ್ದು ಇಂಥ ಬುಶ್ಶಿನ ಮೇಲೆಯೇ.

ಗೆಳೆಯ ಅದನ್ನು ಬದಿಗೆ ತಳ್ಳಿದ. "ಇದು ಲೋಕಲ್ಲು ಕಣಯ್ಯ. ಒರಿಜಿನಲ್ ತರಿಸ್ತೀನಿ."

ಇಲ್ಲಿಂದಲೇ ನಮಗಿಬ್ಬರಿಗೂ ಜಗಳ. ಇಂಗ್ಲೆಂಡಿನ ಬ್ಯೂಲಿಯಲ್ಲಿ 1967ರಿಂದ ಹಳೆ ಕಾರಿನ ಬಿಡಿಭಾಗಗಳ ಸಂತೆ ನಡೆಯುತ್ತದೆ. ಅಲ್ಲಿ ಬೇಕಾದ್ದು ಸಿಗುತ್ತದೆ, ನಿಜ. ಆದರೆ ಅಲ್ಲಿನ ಕಾರುಗಳ ಪಕ್ಕದಲ್ಲಿ ಕಂಪನಿಯ ಡಿಪೋ ಇತ್ತು, ಪಾರ್ಟ್ಸ್ ಪುಸ್ತಕ ಇತ್ತು. ನಮ್ಮ ಊರುಗಳಲ್ಲಿ ಆಮದು ನಿಂತ ಮೇಲೆ ಕಾರು ಬದುಕಿದ್ದು ಲೇತಿನವನ ಕೈಯಲ್ಲಿ, ಕಮ್ಮಾರನ ಕುಲುಮೆಯಲ್ಲಿ, ಪಾತ್ರೆಗೆ ಕಲಾಯಿ ಹಾಕುವವನ ಬೆಸುಗೆಯಲ್ಲಿ. ಈ ಮೋರಿಸ್ಸಿನ ರೇಡಿಯೇಟರಿನ ತಳಕ್ಕೆ ಹಾಕಿರುವ ಹಿತ್ತಾಳೆಯ ತೇಪೆಯ ಅಂಚಿನಲ್ಲಿ ಕೊಳಗದ ಕಂಠದ ಗೆರೆ ಈಗಲೂ ಕಾಣುತ್ತದೆ. ಅದನ್ನೆಲ್ಲ ಕಿತ್ತು ಬ್ಯೂಲಿಯಿಂದ ತರಿಸಿದ್ದನ್ನು ತುಂಬಿದರೆ 1947ರಲ್ಲಿ ಹಡಗಿನಿಂದ ಇಳಿದ ಕಾರು ಸಿಗುತ್ತದೆ. ಗುಬ್ಬಿಯಲ್ಲಿ ಬಾಳಿದ ಕಾರು ಸಿಗುವುದಿಲ್ಲ. ಧರ್ಮಸ್ಥಳದ ಕಾರ್ ಮ್ಯೂಸಿಯಮ್ಮಿಗೆ ಹೋದವರು ಹೊಳೆಯುವ ಬಾನೆಟ್ಟುಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೋ ಆ ಕಾರುಗಳ ಕೆಳಗೆ ತೂರಿ ನೋಡಬೇಕೆನಿಸುತ್ತದೆ.

ವಕೀಲನಾದ್ದರಿಂದ ಅವನು ಕಾನೂನು ಮುಂದಿಟ್ಟ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಐವತ್ತು ವರ್ಷ ದಾಟಿರಬೇಕು. ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000. ನಂಬರಿನ ನಡುವೆ ವಿಎ ಎಂಬ ಅಕ್ಷರ. ದಿನದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ತುಂಬಿಸುವುದು, ರಿಪೇರಿ, ಇಂಥವಕ್ಕೆ ಮಾತ್ರ ರಸ್ತೆಗಿಳಿಯಬಹುದು. ಕಾನೂನು ಸರಿಯಾಗಿಯೇ ಇದೆ. ಅಂಬಾಸಡರಿನ ಡೀಸೆಲ್ ಇಂಜಿನ್ ಕೂರಿಸಿದ ಷೆವ್ರೊಲೆಗಳನ್ನು ನಾನೂ ನೋಡಿದ್ದೇನೆ, ಅದಕ್ಕೆ ವಿಂಟೇಜ್ ಪಟ್ಟ ಕೊಡುವುದು ನ್ಯಾಯವಲ್ಲ. ಆದರೆ ಸವೆದ ಬುಶ್ಶಿಗೆ ಊರಿನ ಬುಶ್ಶು ಹಾಕುವುದು ಮಾರ್ಪಾಟೇ? ಬುಶ್ಶು ಇರುವುದೇ ಸವೆದು ಬದಲಾಗಲು. ಅವನು ಉತ್ತರಿಸಲಿಲ್ಲ, ಬುಶ್ಶನ್ನು ಡಬ್ಬಕ್ಕೂ ವಾಪಸು ಹಾಕಲಿಲ್ಲ. ಅಂಗಿಯ ಜೇಬಿನಲ್ಲಿ ಇಟ್ಟುಕೊಂಡ.

ಡೈನಮೊ ಸಿಕ್ಕಿದ್ದು ಗುಬ್ಬಿಯ ಗುಜರಿಯಲ್ಲಿ. ಗುಜರಿಯಲ್ಲಿ ವಸ್ತು ಗುರುತಿಸಬೇಕಾದರೆ ಮೊದಲು ಬಣ್ಣ ಮರೆಯಬೇಕು. ಎಲ್ಲವೂ ಒಂದೇ ಎಣ್ಣೆಗಪ್ಪು. ಗುಜರಿ ಅಂಗಡಿಯ ಭಾಯ್ ತೋರಿಸಿದ ಡೈನಮೊದ ಮೈಯನ್ನು ಸೀಮೆಎಣ್ಣೆಯ ಬಟ್ಟೆಯಲ್ಲಿ ಉಜ್ಜಿದರೆ ಲ್ಯೂಕಸ್ ಎಂಬ ಹೆಸರು, ಮಾದರಿ, ಪಾರ್ಟ್ ನಂಬರು ಮೇಲೆದ್ದವು. ಲ್ಯೂಕಸ್ಸಿನವರು ತಮ್ಮ ಸಾಮಾನಿನ ಮೇಲೆ ತಿಂಗಳು, ವರ್ಷವನ್ನೂ ಕುಟ್ಟಿರುತ್ತಾರೆ. ಇದರ ಮೇಲೆ ಮೂರು ಅಂಕಿ: 7, ಬಿಡುವು ಬಿಟ್ಟು 62. ಅಂದರೆ 1962ರ ಜುಲೈ. 1947ರ ಕಾರಿನಲ್ಲಿ ಅದು ಹುಟ್ಟಿನಿಂದ ಇರಲು ಸಾಧ್ಯವೇ ಇಲ್ಲ, ಬಹುಶಃ ಅಂಬಾಸಡರಿನದು. "ತಾರೀಕು ಗ್ರೈಂಡರ್‌ನಲ್ಲಿ ಹೊಡ್ದು ಬೇರೆ ಕುಟ್ಟಿಸ್ಕೊಳ್ಳಿ ಸಾರ್, ದೊಡ್ಡ ದೊಡ್ಡೋರೆಲ್ಲ ಮಾಡಿಸ್ತಾರೆ" ಎಂದು ಭಾಯ್ ನಗುತ್ತಲೇ ಹೇಳಿದರು. ಸುಳ್ಳಲ್ಲ. ಹೊಸದಾಗಿ ಎರಕ ಹೊಯ್ದು ಹಳೆ ನಂಬರು ಕುಟ್ಟಿದ ಬಿಡಿಭಾಗಗಳು ಲೋಕದಾದ್ಯಂತ ಮಾರಾಟವಾಗುತ್ತವೆ. ನಾಟಕದ ಗುಬ್ಬಿ ವೀರಣ್ಣನವರ ಊರಿನಲ್ಲಿ ವೇಷವನ್ನು ಹಳಿಯುವುದು ತಪ್ಪಾದೀತು, ಆದರೆ ನಾಟಕದವನು ಪರದೆ ಬಿದ್ದ ಮೇಲೆ ಬಣ್ಣ ತೊಳೆದುಕೊಳ್ಳುತ್ತಿದ್ದ. ತಾರೀಕು ತಿದ್ದಿದ ಡೈನಮೊ ಯಾವತ್ತೂ ತೊಳೆದುಕೊಳ್ಳುವುದಿಲ್ಲ. ಗೆಳೆಯ ಅದನ್ನು ಇದ್ದ ತಾರೀಕಿನೊಂದಿಗೇ ಕೊಂಡ. ಅಷ್ಟರಮಟ್ಟಿಗೆ ಅವನ ಒರಿಜಿನಲ್ ಹುಚ್ಚು ಸಡಿಲಿತು ಎಂದು ನನ್ನ ಲೆಕ್ಕ.

ಇಂಜಿನ್ನಿನ ಬ್ಲಾಕ್ ಮಾತ್ರ ಕುಣಿಗಲ್ಲಿಗೆ ಹೋಗಬೇಕಿತ್ತು. ಅಲ್ಲಿ ಎರಕದ ಕಬ್ಬಿಣದ ಬಿರುಕನ್ನು ವೆಲ್ಡಿಂಗ್ ಇಲ್ಲದೆ ಹೊಲಿಯುವ ಮೇಸ್ತ್ರಿ ಇದ್ದಾರೆ ಎಂದು ಟರ್ನರ್ ಹೇಳಿದ್ದ. ಬ್ಲಾಕನ್ನು ಪಿಕಪ್ಪಿಗೆ ಏರಿಸಿ ತುಮಕೂರಿನಿಂದ ಕುಣಿಗಲ್ ರಸ್ತೆಗೆ ತಿರುಗಿದೆವು. ಗೂಳೂರಿನ ಹತ್ತಿರದ ಕೈದಾಳ ನೋಡಿಕೊಂಡು ಹೋಗೋಣ ಎಂದೆ. 12ನೇ ಶತಮಾನದ ಚೆನ್ನಕೇಶವ ದೇವಾಲಯದ ಊರು, ಜಕಣಾಚಾರಿಯ ಹುಟ್ಟೂರೆಂದು ಹೇಳುತ್ತಾರೆ. ಇತಿಹಾಸಕಾರರಿಗೆ ಜಕಣಾಚಾರಿ ಎಂಬ ಶಿಲ್ಪಿಯ ಬಗ್ಗೆಯೇ ಅನುಮಾನ. ಕತೆಗೆ ಅದರ ಹಂಗಿಲ್ಲ. ಬೇಲೂರಿನಲ್ಲಿ ಅವನು ಕಡೆದ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎಂದು ಹುಡುಗನೊಬ್ಬ ಹೇಳುತ್ತಾನೆ, ಮೈಗೆಲ್ಲ ಗಂಧ ಬಳಿದು ನೋಡುತ್ತಾರೆ. ಉಳಿದೆಡೆ ಗಂಧ ಒಣಗುತ್ತದೆ, ಹೊಕ್ಕುಳ ಬಳಿ ಹಸಿಯಾಗಿಯೇ ಉಳಿಯುತ್ತದೆ. ಅಲ್ಲಿ ಒಡೆದರೆ ನೀರು, ಕಪ್ಪೆ. ಹುಡುಗ ಅವನ ಮಗನೇ, ಡಂಕಣ.

ಕುಣಿಗಲ್ಲಿನ ಹಳೇ ರಸ್ತೆಯ ಶೆಡ್ಡಿನಲ್ಲಿ ಮೇಸ್ತ್ರಿ ಮಾಡಿದ್ದು ಹೆಚ್ಚುಕಡಿಮೆ ಅದನ್ನೇ. ಬ್ಲಾಕನ್ನು ತಂತಿಬ್ರಷ್ಷಿನಲ್ಲಿ ಉಜ್ಜಿ, ಸೀಮೆಎಣ್ಣೆ ಸುರಿದು, ಅದು ಇಳಿಯುವವರೆಗೆ ಚಹಾ ತರಿಸಿದರು. ಆಮೇಲೆ ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ, ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಬಂದರು. ಬಿಳಿ ಪುಡಿಯ ಮೇಲೆ ವಾಟರ್ ಜಾಕೆಟ್ಟಿನ ಬದಿಯಲ್ಲಿ ಒಂದು ಕಪ್ಪು ಗೆರೆ ಬೆವರಿತು. ಬಿರುಕಿನೊಳಗೆ ಸೇರಿದ್ದ ಸೀಮೆಎಣ್ಣೆ ಹೊರಬಂದು ಪುಡಿಯನ್ನು ನೆನೆಸಿದ್ದು. ನಾವು ಬರಿಗಣ್ಣಿನಲ್ಲಿ ನೋಡಿದ್ದ ಗೆರೆಗಿಂತ ಇದು ಎರಡು ಬೆರಳು ಉದ್ದವಿತ್ತು. ಗೆರೆಯ ಎರಡೂ ತುದಿಗೆ ಅವರು ಪಂಚಿನಲ್ಲಿ ಚುಕ್ಕಿ ಇಟ್ಟರು.

"ತುದಿಯಲ್ಲಿ ಮೊದ್ಲು ತೂತು ಹೊಡಿಬೇಕು ಸಾರ್. ಇಲ್ದಿದ್ರೆ ನಾವು ಇತ್ಲಾಗೆ ಹೊಲೀತಿದ್ರೆ ಅದು ಅತ್ಲಾಗೆ ಓಡ್ತದೆ."

ಬಿರುಕಿನುದ್ದಕ್ಕೂ ತೂತು ಕೊರೆದು ಥ್ರೆಡ್ ಮಾಡಿ ಲೋಹದ ಬಿರಡೆ ಬಿಗಿಯುವುದು, ಒಂದರ ಅಂಚನ್ನು ಇನ್ನೊಂದು ಕಚ್ಚುವಂತೆ ಸಾಲಾಗಿ. ಬೆಂಕಿಯಿಲ್ಲ. ಎರಕದ ಕಬ್ಬಿಣಕ್ಕೆ ಒಂದೇ ಕಡೆ ಕಾವು ಕೊಟ್ಟರೆ ಅದು ತಣಿಯುವಾಗ ಪಕ್ಕದಲ್ಲೇ ಹೊಸದಾಗಿ ಸೀಳುತ್ತದೆ. ಈ ಹೊಲಿಗೆಯ ಸಾಲು ಬಣ್ಣದ ಕೆಳಗೂ ಹುಡುಕಿದವರಿಗೆ ಕಾಣುತ್ತದೆ. ಕಾಣಲಿ ಎಂದು ಈ ಸಲ ಗೆಳೆಯನೇ ಅಂದ.

ಕೆಲಸ ಮುಗಿಯಲು ಹೊತ್ತಿತ್ತು. ಸ್ಟಡ್ ಫಾರಂ ಕಡೆ ಹೋಗಿ ಬೇಲಿಯಾಚೆಯಿಂದ ಕುದುರೆ ನೋಡಿದೆವು. ಟಿಪ್ಪುವಿನ ಕಾಲದಿಂದ ಕುದುರೆಗಳಿಗೆ ಹೆಸರಾದ ಜಾಗ. ಈಗ ರೇಸಿನ ಥರೋಬ್ರೆಡ್‌ಗಳು. ಅಲ್ಲೂ ಗುರುತಿನದೇ ಕೆಲಸ. ಹಣೆಯ ಸುಳಿ ಎಲ್ಲಿದೆ, ಕಾಲಿನ ಬಿಳಿ ಎಷ್ಟೆತ್ತರ, ತಾಯಿ ಯಾರು, ತಂದೆ ಯಾರು ಎಂಬುದೆಲ್ಲ ಸ್ಟಡ್ ಬುಕ್ಕಿನಲ್ಲಿ ದಾಖಲು. ಸುಳಿ ತಾಳೆಯಾಗದ ಕುದುರೆ ಎಷ್ಟೇ ವೇಗವಾಗಿ ಓಡಿದರೂ ರೇಸಿಗೆ ಬಿಡುವುದಿಲ್ಲ. ನಮ್ಮ ಮೋರಿಸ್ಸಿಗೆ ಅಂಥ ಪುಸ್ತಕವಿಲ್ಲ. ಇರುವುದು ಮೈಸೂರು ಸಂಸ್ಥಾನದ ಕಾಲದ ಮಾಸಿದ ಕಾಗದ ಮತ್ತು ಡಾಲ್ಡಾ ಡಬ್ಬ.

ಶೆಡ್ಡಿಗೆ ಮರಳಿದಾಗ ಗೆಳೆಯ ಜೇಬಿನಿಂದ ಗುಬ್ಬಿಯ ಬುಶ್ಶು ತೆಗೆದು ಮೇಸ್ತ್ರಿಯ ಕೈಗಿಟ್ಟು, ಹಾಕಬಹುದೇ ಎಂದು ಕೇಳಿದ. ಅವರು ಒಳಗೆ ಬೆರಳಾಡಿಸಿ, ವಾಲಿದ ಗ್ರೀಸ್ ಕಾಲುವೆಯನ್ನು ಉಗುರಿನಲ್ಲಿ ಸವರಿ, ವರ್ನಿಯರ್ ಹಿಡಿದು ನೋಡಿದರು.

"ಮಾಲು ಚೆನ್ನಾಗೈತೆ. ಕಾಲುವೆ ಸೊಟ್ಟ ಇದ್ರೇನು, ಗ್ರೀಸ್ಗೇನ್ ಕಣ್ಣೈತಾ? ಆದ್ರೆ ಒಂದ್ರಲ್ಲಿ ಆಗಾಕಿಲ್ಲ, ಜೊತೆ ಬೇಕು. ಇದ್ರಂಗೇ ಇನ್ನೊಂದು ತಿರುಗಿಸ್ಕೊಡ್ತೀನಿ. ಕಾಲುವೆ ನೆಟ್ಟಗೇ ಇರ್ಲೋ, ಸೊಟ್ಟಾನೇ ಬೇಕೋ?"

ಗೆಳೆಯ ನನ್ನ ಮುಖ ನೋಡಿದ. ನೆಟ್ಟಗೇ ಇರಲಿ, ಇದು ಈ ಮೇಸ್ತ್ರಿಯ ಬುಶ್ಶು ತಾನೇ ಎಂದೆ. ದರ ಕುದುರಿತು, ಮುಂದಿನ ವಾರ ಬನ್ನಿ ಎಂದರು. ಇನ್ನು ಉಳಿದದ್ದು ಎಡಗಡೆ ಬಾಗಿಲಿನ ಗ್ಲಾಸ್ ಎತ್ತುವ ಹಿಡಿಕೆ. ಅದಕ್ಕೆ ತಿಪಟೂರಿಗೆ ಹೋಗಿ, ಅಲ್ಲೊಬ್ಬರ ತೋಟದಲ್ಲಿ ಇಂಥದೇ ಕಾರು ಮಣ್ಣಲ್ಲಿ ಹೂತಿದೆ, ಸಂತೆ ದಿನ ಮಾತ್ರ ಹೋಗಬೇಡಿ, ಮನೆಯಲ್ಲಿ ಯಾರೂ ಇರುವುದಿಲ್ಲ ಎಂದರು ಮೇಸ್ತ್ರಿ.